ಹೋಗುವಾಗ ಕೇಳದ ಹಳದಿ ಕಾರ್ಡು

2023ರ ಏಪ್ರಿಲ್ ಕೊನೆಯ ವಾರ. ಸುಡಾನಿನಲ್ಲಿ ಸೈನ್ಯಕ್ಕೂ ಅರೆಸೇನಾ ಪಡೆಗೂ ಕಾಳಗ ಹತ್ತಿಕೊಂಡಿತ್ತು. ನಡುವೆ ಸಿಕ್ಕಿಬಿದ್ದ ಭಾರತೀಯರನ್ನು ‘ಆಪರೇಷನ್ ಕಾವೇರಿ’ ಎಂಬ ಹೆಸರಿನಲ್ಲಿ ಕರೆತರಲಾಗುತ್ತಿತ್ತು. ಪೋರ್ಟ್ ಸುಡಾನಿನಿಂದ ಹಡಗಿನಲ್ಲೋ ವಾಯುಪಡೆಯ ವಿಮಾನದಲ್ಲೋ ಜೆಡ್ಡಾಕ್ಕೆ, ಅಲ್ಲಿಂದ ದೆಹಲಿ, ಮುಂಬೈ, ಬೆಂಗಳೂರಿಗೆ. ಆ ಯುದ್ಧದಲ್ಲಿ ಸಿಕ್ಕಿಕೊಂಡವರಲ್ಲಿ ನಮ್ಮ ಹಕ್ಕಿಪಿಕ್ಕಿ ಜನರೂ ಇದ್ದರು. ಹುಣಸೂರು, ಶಿವಮೊಗ್ಗ, ದಾವಣಗೆರೆ ಕಡೆಯ ಹಾಡಿಗಳಿಂದ ಹೊರಟು ಗಿಡಮೂಲಿಕೆಯನ್ನೂ ತಲೆಗೂದಲ ಎಣ್ಣೆಯನ್ನೂ ಆಫ್ರಿಕಾದ ಊರೂರು ತಿರುಗಿ ಮಾರುವವರು ಅವರು.

ಗುಂಡಿನ ಸದ್ದಿನಿಂದ ತಪ್ಪಿಸಿಕೊಂಡು ತಾಯ್ನೆಲಕ್ಕೆ ಕಾಲಿಟ್ಟ ಜನರ ಮುಂದೆ ವಿಮಾನ ನಿಲ್ದಾಣದಲ್ಲಿ ಒಂದು ಪ್ರಶ್ನೆ ಕಾದಿತ್ತು: ಯೆಲ್ಲೋ ಫೀವರ್ ಕಾರ್ಡ್ ಇದೆಯಾ? ಇಲ್ಲದವರು ಮನೆಗೆ ಹೋಗುವಂತಿರಲಿಲ್ಲ. ಏಪ್ರಿಲ್ 29ರ ಹೊತ್ತಿಗೆ ಬಂದಿಳಿದಿದ್ದ 1,191 ಜನರಲ್ಲಿ 117 ಮಂದಿಯನ್ನು ಹಳದಿ ಜ್ವರದ ಲಸಿಕೆ ಇಲ್ಲವೆಂಬ ಕಾರಣಕ್ಕೆ ಪ್ರತ್ಯೇಕವಾಗಿ ಇರಿಸಿದ್ದೇವೆಂದು ಕೇಂದ್ರ ಆರೋಗ್ಯ ಸಚಿವಾಲಯ ತಿಳಿಸಿತು. ಬೆಂಗಳೂರಿನಲ್ಲಿ ಇಳಿದವರಲ್ಲೂ ಹಾಗೆ ಉಳಿದುಕೊಂಡವರಿದ್ದರು. ನಿಲ್ದಾಣದ ಹೊರಗೆ ಮನೆಯವರು ಕಾಯುತ್ತಿದ್ದಾರೆ, ಒಳಗೆ ಬಂದವರು ಕಾರ್ಡಿಲ್ಲದೆ ನಿಂತಿದ್ದಾರೆ.

ಅದನ್ನು ಓದಿದ ದಿನ ನನಗೆ ಮೊದಲು ಬಂದದ್ದು ಸಿಟ್ಟು. ಉಟ್ಟ ಬಟ್ಟೆಯಲ್ಲಿ ಓಡಿಬಂದವರನ್ನು ಒಂದು ಕಾಗದಕ್ಕಾಗಿ ತಡೆಯುವುದೇ? ಆಮೇಲೆ ಆ ನಿಯಮದ ಜಾಡು ಹಿಡಿದು ಹೋದಾಗ ಸಿಟ್ಟು ಬೇರೆ ಕಡೆಗೆ ತಿರುಗಿತು. ತಡೆದವರು ತಪ್ಪು ಮಾಡಿರಲಿಲ್ಲ. ತಪ್ಪು ನಡೆದದ್ದು ಆ ಪ್ರಯಾಣಿಕರು ಇಲ್ಲಿಂದ ಹೊರಟ ದಿನ. ಅಂದು ಯಾರೂ ಅವರಿಗೆ ಹೇಳಿರಲಿಲ್ಲ.

ಹೊರಡುವಾಗ ಹೇಳದೆ ಹೋದದ್ದಕ್ಕೆ ಒಂದು ಕಾರಣವಿದೆ. ಭಾರತದಲ್ಲಿ ಹಳದಿ ಜ್ವರ ಇಲ್ಲ. ಆದ್ದರಿಂದ ಆಫ್ರಿಕಾದ ಕೆಲವು ದೇಶಗಳು ಭಾರತದಿಂದ ನೇರವಾಗಿ ಬರುವವರನ್ನು ಕಾರ್ಡು ಕೇಳುವುದೇ ಇಲ್ಲ. ವೀಸಾ ಸಿಗುತ್ತದೆ, ವಿಮಾನ ಹತ್ತಿಸುತ್ತಾರೆ, ಅಲ್ಲಿ ಇಳಿಸಿಕೊಳ್ಳುತ್ತಾರೆ. ಎಲ್ಲ ಸರಿಯಾಗಿದೆ ಎಂದುಕೊಂಡ ಮನುಷ್ಯನಿಗೆ ಅದು ಬೇಕಿತ್ತೆಂದು ಗೊತ್ತಾಗುವುದು ಮರಳುವಾಗ, ತನ್ನ ದೇಶದ ಬಾಗಿಲಲ್ಲಿ. ಹಳದಿ ಜ್ವರವಿರುವ ದೇಶದೊಳಗಿದ್ದು, ಅದನ್ನು ಬಿಟ್ಟ 6 ದಿನಗಳೊಳಗೆ ಭಾರತಕ್ಕೆ ಇಳಿದವರು ಲಸಿಕೆಯ ಪ್ರಮಾಣಪತ್ರ ತೋರಿಸಲೇಬೇಕು. ಇಲ್ಲದಿದ್ದರೆ 6 ದಿನಗಳವರೆಗೆ ಬೇರೆ ಇರಬೇಕು. ಸೋಂಕಿದ ಸೊಳ್ಳೆ ಕಚ್ಚಿದ ಮೂರರಿಂದ ಆರು ದಿನಗಳಲ್ಲಿ ಈ ಜ್ವರ ಕಾಣಿಸಿಕೊಳ್ಳುತ್ತದೆ. ಆರು ಎಂಬ ಲೆಕ್ಕ ಬಂದದ್ದು ಅಲ್ಲಿಂದ.

ಇಷ್ಟು ಬಿಗಿ ಏಕೆ? ನಮ್ಮ ಮನೆಯ ಹಿಂದಿನ ನೀರಿನ ಡ್ರಮ್ಮಿನ ಮುಚ್ಚಳ ತೆಗೆದು ನೋಡಿದರೆ ಉತ್ತರ ಸಿಗುತ್ತದೆ. ಡೆಂಗಿ, ಚಿಕೂನ್‌ಗುನ್ಯ ಹರಡುವ, ಕಾಲಿಗೆ ಬಿಳಿ ಪಟ್ಟೆಯಿರುವ ಈಡಿಸ್ ಈಜಿಪ್ಟೈ ಸೊಳ್ಳೆಯೇ ಆಫ್ರಿಕಾದ ಪಟ್ಟಣಗಳಲ್ಲಿ ಹಳದಿ ಜ್ವರವನ್ನು ಹರಡುವುದು. ಸೊಳ್ಳೆ ನಮ್ಮಲ್ಲಿದೆ, ಬೇಕಾದಷ್ಟಿದೆ. ಜ್ವರಕ್ಕೆ ಒಗ್ಗದ ನೂರಾ ನಲವತ್ತು ಕೋಟಿ ಜನರೂ ಇದ್ದೇವೆ. ವೈರಸ್ ಒಂದು ಬಂದಿಲ್ಲ. ಅದು ಬಂದರೆ ಬರುವುದು ದುಡಿಯಲು ಹೋಗಿ ಮರಳುವ ಮನುಷ್ಯನ ರಕ್ತದಲ್ಲಿ.

ಈ ಭಯ ಹಳೆಯದು. ಪನಾಮಾ ಕಾಲುವೆ ತೆರೆಯುವ ಹೊತ್ತಿಗೇ, ಅಮೆರಿಕದ ಬಂದರುಗಳಿಂದ ಹಡಗುಗಳು ಪೂರ್ವಕ್ಕೆ ಹೊರಟರೆ ಜ್ವರವೂ ಹೊರಟೀತೆಂದು ಬ್ರಿಟಿಷ್ ಸರ್ಕಾರ ಹೆದರಿತು. ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಎಸ್.ಪಿ. ಜೇಮ್ಸ್ ಆ ಅಪಾಯವನ್ನು ಅಧ್ಯಯನ ಮಾಡಿ 1913ರಲ್ಲಿ ಬರೆದರು. ಮುಂದೆ ಈ ಭಯ ಬಂದು ಮುಟ್ಟಿದ್ದು ನಮ್ಮ ಮಲೆನಾಡನ್ನು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸಾಯತೊಡಗಿದವು, ಸುತ್ತಲ ಹಳ್ಳಿಗಳ ಜನ ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳ ತಲೆಯಲ್ಲಿ ಮೊದಲು ಮಿಂಚಿದ ಅನುಮಾನವೆಂದರೆ, ಕಾಡಿನ ಹಳದಿ ಜ್ವರ ಕೊನೆಗೂ ಭಾರತಕ್ಕೆ ಬಂದೇಬಿಟ್ಟಿತೇ ಎಂಬುದು. ಮಂಗಗಳು ಸಾಯುವುದು ದಕ್ಷಿಣ ಅಮೆರಿಕದಲ್ಲಿ ಆ ಜ್ವರದ ಗುರುತು. ಪರೀಕ್ಷೆ ಮಾಡಿದಾಗ ಅದು ಬೇರೆಯೇ ವೈರಸ್, ಹರಡುವುದು ಸೊಳ್ಳೆಯಲ್ಲ, ಉಣುಗು ಎಂದು ತಿಳಿಯಿತು. ನಾವು ಇಂದು ಮಂಗನ ಕಾಯಿಲೆ ಎನ್ನುವುದು ಅದನ್ನೇ. ಹಳದಿ ಜ್ವರದ ವೈರಸ್ಸೂ ಅದೂ ಒಂದೇ ಕುಲದವು. ಮಂಗನ ಕಾಯಿಲೆಯನ್ನು ಪ್ರತಿ ಬೇಸಿಗೆಯಲ್ಲೂ ಎದುರಿಸುವ ಮಲೆನಾಡಿನವರಿಗೆ, ಕಾಡಿನ ಒಂದು ವೈರಸ್ ಊರೊಳಗೆ ಬಂದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಏಷ್ಯಾದಲ್ಲಿ ಎಂದೂ ಕಾಣದ ಹಳದಿ ಜ್ವರ 2016ರಲ್ಲಿ ಮೊದಲ ಸಲ ಕಂಡಿತು. ತಂದವರು ದುಡಿಯಲು ಹೋದವರೇ. ಅಂಗೋಲಾದ ರಾಜಧಾನಿ ಲುವಾಂಡಾದ ಪಕ್ಕದ ವಿಯಾನಾದಲ್ಲಿ 2015ರ ಡಿಸೆಂಬರಿನಲ್ಲಿ ಜ್ವರ ಎದ್ದಿತು. ಅಲ್ಲಿ ರಸ್ತೆ, ಕಟ್ಟಡ, ವ್ಯಾಪಾರ ಎಂದು ಚೀನಾದ ಜನ ಸಾವಿರ ಸಾವಿರ ಸಂಖ್ಯೆಯಲ್ಲಿದ್ದರು, ಹಲವರಿಗೆ ಲಸಿಕೆಯಾಗಿರಲಿಲ್ಲ. ಊರಿಗೆ ಮರಳಿದವರಲ್ಲಿ 11 ಮಂದಿಗೆ ಹಳದಿ ಜ್ವರ ಪತ್ತೆಯಾಯಿತು. ಮೊದಲನೆಯವರು ಸಿಕ್ಕಿದ್ದು ಮಾರ್ಚಿನ ಬೀಜಿಂಗಿನಲ್ಲಿ. ಆ ಚಳಿಯಲ್ಲಿ ಕಚ್ಚಿ ಹರಡುವ ಸೊಳ್ಳೆ ಅಲ್ಲಿರಲಿಲ್ಲ. ಅದೇ ಮನುಷ್ಯ ಜುಲೈ ತಿಂಗಳಲ್ಲಿ ಮಂಗಳೂರಿಗೋ ಬೆಂಗಳೂರಿಗೋ ಬಂದಿದ್ದರೆ ಎಂದು ಯೋಚಿಸಿದರೆ ಮೈ ನಡುಗುತ್ತದೆ. ಆ ವರ್ಷ ಜಗತ್ತಿನ ಲಸಿಕೆಯ ದಾಸ್ತಾನು ಬರಿದಾಗುತ್ತ ಬಂದು, ಕಾಂಗೋದ ಕಿನ್ಶಾಸಾದಲ್ಲಿ ಒಬ್ಬರ ಲಸಿಕೆಯನ್ನು ಐದು ಜನಕ್ಕೆ ಹಂಚಿ ಚುಚ್ಚಬೇಕಾಯಿತು. ಭಾರತಕ್ಕೆ ಜ್ವರ ಹೊಕ್ಕರೆ ಅಷ್ಟು ಲಸಿಕೆಯನ್ನು ಎಲ್ಲಿಂದ ತರುವುದು?

ನನ್ನ ಮನೆಯ ಕಥೆಯನ್ನೂ ಹೇಳಬೇಕು. ಅಕ್ಕನ ಮಗ ಮಂಡ್ಯದ ಕಡೆಯವನು, ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್‌ಮನ್. ಕಬ್ಬಿನ ಹಾಲನ್ನು ಕುದಿಸಿ ಹರಳುಗಟ್ಟಿಸುವ ಕೆಲಸ ಅವನದು, ಕಣ್ಣಳತೆಯಲ್ಲಿ ಹದ ಹೇಳುವಷ್ಟು ಪಳಗಿದವನು. ಈ ಕೆಲಸ ಬಲ್ಲವರಿಗೆ ಪೂರ್ವ ಆಫ್ರಿಕಾದಲ್ಲಿ ಬೇಡಿಕೆಯಿದೆ. ಉಗಾಂಡಾದ ಜಿಂಜಾ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಒಂದು ಸಂಜೆ ಫೋನು ಮಾಡಿದ.

“ಮಾವ, ಟಿಕೆಟ್ ಬಂದೈತೆ. ಬರೋ ಸೋಮವಾರ ಹೊರಡ್ಬೇಕು. ಏಜೆಂಟ್ ಈಗ ಯೋಳ್ತಾವ್ನೆ, ಯೆಲ್ಲೋ ಫೀವರ್ ಸೂಜಿ ಹಾಕುಸ್ಕೊ ಅಂತ.”

ಪಕ್ಕದಲ್ಲಿ ಅಕ್ಕನ ದನಿ ಕೇಳುತ್ತಿತ್ತು. “ಹಳದಿ ಜ್ವರ ಅಂದ್ರೆ ಕಾಮಾಲೆ ತಾನೆ? ಅದ್ಕೆ ನಮ್ಮೂರಲ್ಲೇ ಸೊಪ್ಪಿನ ಔಸ್ತಿ ಕೊಡ್ತಾರಲ್ಲ, ಕುಡ್ದು ಹೋಗ್ಲಿ.”

ಅಕ್ಕನ ತಪ್ಪಲ್ಲ. ಹೆಸರೇ ಹಾಗಿದೆ. ಈ ಜ್ವರ ಬಲಿತವರಲ್ಲಿ ಕಣ್ಣು ಮೈ ಹಳದಿಯಾಗುವುದರಿಂದ ಆ ಹೆಸರು, ಆದರೆ ಊರಿನ ಕಾಮಾಲೆಗೂ ಇದಕ್ಕೂ ಸಂಬಂಧವಿಲ್ಲ. ಹೆಚ್ಚಿನವರಿಗೆ ಜ್ವರ, ತಲೆನೋವು, ಬೆನ್ನುನೋವು ಬಂದು ಮೂರು ನಾಲ್ಕು ದಿನದಲ್ಲಿ ಇಳಿಯುತ್ತದೆ. ಕೆಲವರಿಗೆ ಇಳಿದಂತೆ ಇಳಿದು ಒಂದೇ ದಿನದಲ್ಲಿ ಮತ್ತೆ ಏರುತ್ತದೆ. ಆಗ ಪಿತ್ತಜನಕಾಂಗ, ಮೂತ್ರಪಿಂಡ ಕೆಡುತ್ತವೆ, ಬಾಯಿ ಮೂಗುಗಳಿಂದ ರಕ್ತ ಬರುತ್ತದೆ. ಆ ಹಂತಕ್ಕೆ ಹೋದವರಲ್ಲಿ ಅರ್ಧದಷ್ಟು ಜನ ವಾರ ಹತ್ತು ದಿನದಲ್ಲಿ ತೀರಿಕೊಳ್ಳುತ್ತಾರೆ. ಈ ವೈರಸ್ಸನ್ನು ಕೊಲ್ಲುವ ಮದ್ದು ಇಲ್ಲ. ಲಸಿಕೆ ಇದೆ.

ಸೋಮವಾರಕ್ಕೆ ಉಳಿದದ್ದು ಎಂಟು ದಿನ. ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವೇ ಕಾರ್ಡು ಊರ್ಜಿತ. ಮೈ ಆ ವೈರಸ್ಸಿಗೆ ಎದುರು ನಿಲ್ಲಲು ಹಿಡಿಯುವ ಕಾಲವದು, ಯಾವ ಅಧಿಕಾರಿಯೂ ಅದನ್ನು ಕಡಿಮೆ ಮಾಡಲಾರ. ಜೊತೆಗೆ ಇದು ಓಣಿಯ ಕ್ಲಿನಿಕ್ಕಿನಲ್ಲಿ ಸಿಗುವ ಚುಚ್ಚುಮದ್ದಲ್ಲ. ಸರ್ಕಾರ ಗುರುತಿಸಿದ ಕೆಲವೇ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಅಲ್ಲಿನ ಮುದ್ರೆಯಿದ್ದರೆ ಮಾತ್ರ ಕಾರ್ಡಿಗೆ ಬೆಲೆ. ಒಂದು ಸೀಸೆಯಲ್ಲಿ ಹಲವು ಜನರ ಡೋಸ್ ಇರುತ್ತದೆ, ತೆರೆದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಹಾಗಾಗಿ ಕೇಂದ್ರಗಳು ಗೊತ್ತಾದ ದಿನಗಳಲ್ಲಿ, ಮೊದಲೇ ಹೆಸರು ಬರೆಸಿದವರಿಗೆ ಕೊಡುತ್ತವೆ. ನಮ್ಮ ಹುಡುಗನಿಗೆ ದಿನ ಸಿಕ್ಕಿದ್ದು ಗುರುವಾರ. ಟಿಕೆಟ್ಟು ಎರಡು ವಾರ ಮುಂದೆ ಹೋಯಿತು, ಬದಲಾಯಿಸಿದ ಹಣ ಅವನ ಕೈಯಿಂದಲೇ ಹೋಯಿತು. ಏಜೆಂಟು ಮೂರು ತಿಂಗಳ ಹಿಂದೆ, ಪಾಸ್‌ಪೋರ್ಟ್ ಈಸಿಕೊಂಡ ದಿನವೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

ಬೆಂಗಳೂರಿನ ಕೇಂದ್ರಕ್ಕೆ ನಾನೂ ಜೊತೆಗೆ ಹೋಗಿದ್ದೆ. ಬೆಂಚಿನ ಮೇಲೆ ಕುಳಿತವರ ಕೈಯಲ್ಲೆಲ್ಲ ಪಾಸ್‌ಪೋರ್ಟು. ಹಡಗಿಗೆ ಹೋಗುವ ಹುಡುಗ, ನೈಜೀರಿಯಾಕ್ಕೆ ಲೆಕ್ಕಪತ್ರದ ಕೆಲಸಕ್ಕೆ ಹೊರಟವರು, ಘಾನಾದಲ್ಲಿ ಅಂಗಡಿಯಿರುವ ಗಂಡನ ಬಳಿಗೆ ಮಗುವಿನೊಂದಿಗೆ ಹೊರಟ ತಾಯಿ. ವೈದ್ಯರು ಎಲ್ಲರಿಗೂ ಒಂದೇ ಸಾಲು ಪ್ರಶ್ನೆ ಕೇಳುತ್ತಿದ್ದರು. ಮೊಟ್ಟೆ ತಿಂದರೆ ಮೈಮೇಲೆ ಏಳುತ್ತದೆಯೇ? ಗರ್ಭಿಣಿಯೇ? ಸ್ಟೆರಾಯ್ಡ್ ಅಥವಾ ಕ್ಯಾನ್ಸರ್ ಮಾತ್ರೆ ನಡೆಯುತ್ತಿದೆಯೇ? ವಯಸ್ಸು 60 ದಾಟಿದೆಯೇ? ಇದು ಜೀವಂತ ವೈರಸ್ಸನ್ನು ಮೆತ್ತಗಾಗಿಸಿ ಮಾಡಿದ ಲಸಿಕೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಆಗಿಬರುವುದಿಲ್ಲ. 60 ದಾಟಿದವರಲ್ಲಿ ಅಪರೂಪಕ್ಕೆ ದೊಡ್ಡ ತೊಂದರೆ ಆಗುವುದುಂಟು. 9 ತಿಂಗಳೊಳಗಿನ ಕೂಸಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಹಾಕಿಸಿಕೊಳ್ಳಬಾರದವರಿಗೆ ವೈದ್ಯರು ಬೇರೆ ಪತ್ರ ಬರೆದುಕೊಡುತ್ತಾರೆ.

ಮೊಟ್ಟೆಯ ಪ್ರಶ್ನೆಯ ಹಿಂದೆ ಒಂದು ದೊಡ್ಡ ಕಥೆಯಿದೆ. 1927ರಲ್ಲಿ ಈಗಿನ ಘಾನಾದಲ್ಲಿ ಅಸಿಬಿ ಎಂಬ ಆಫ್ರಿಕನ್ ಯುವಕನಿಗೆ ಹಳದಿ ಜ್ವರ ಬಂತು. ಅವನ ರಕ್ತವನ್ನು ರೀಸಸ್ ಜಾತಿಯ ಕೋತಿಗೆ ಚುಚ್ಚಿದಾಗ ಕೋತಿಗೂ ಜ್ವರ ಬಂತು. ಪ್ರಯೋಗಾಲಯದಲ್ಲಿ ಈ ವೈರಸ್ಸನ್ನು ಹಿಡಿದಿಟ್ಟದ್ದು ಹಾಗೆ. ರೀಸಸ್ ಕೋತಿ ನಮ್ಮ ಉತ್ತರ ಭಾರತದ ಕೋತಿಯೇ. ಅಸಿಬಿ ಬದುಕಿದ. ಆ ಕೆಲಸ ಮಾಡಿದ ವಿಜ್ಞಾನಿಗಳಲ್ಲಿ ಒಬ್ಬರಾದ ಏಡ್ರಿಯನ್ ಸ್ಟೋಕ್ಸ್ ಅದೇ ವರ್ಷ ಅದೇ ಜ್ವರಕ್ಕೆ ತುತ್ತಾಗಿ ತೀರಿಕೊಂಡರು. ಅಸಿಬಿಯ ರಕ್ತದಿಂದ ಬಂದ ವೈರಸ್ಸನ್ನು ನ್ಯೂಯಾರ್ಕಿನ ರಾಕ್‌ಫೆಲರ್ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಥೀಲರ್ ಮತ್ತು ಸಂಗಡಿಗರು ಮತ್ತೆ ಮತ್ತೆ ಬೆಳೆಸಿ ಪಳಗಿಸಿದರು. 1937ರಲ್ಲಿ 17ಡಿ ಎಂಬ ಲಸಿಕೆ ಸಿದ್ಧವಾಯಿತು, 1951ರಲ್ಲಿ ಥೀಲರ್‌ಗೆ ನೊಬೆಲ್ ಬಂತು. ಇಂದಿಗೂ ಅದನ್ನು ಕೋಳಿಮೊಟ್ಟೆಯೊಳಗೆ ಬೆಳೆಸುತ್ತಾರೆ. ಬೆಂಗಳೂರಿನ ಆ ಬೆಂಚಿನ ಮೇಲೆ ಕೂತಿದ್ದವರ ತೋಳಿಗೆ ಇಳಿದದ್ದು ಸುಮಾರು ನೂರು ವರ್ಷದ ಹಿಂದಿನ ಆ ಯುವಕನ ಮೈಯಲ್ಲಿದ್ದ ವೈರಸ್ಸಿನ ಪಳಗಿದ ಸಂತತಿ.

ಚುಚ್ಚಿಸಿಕೊಂಡು ಅರ್ಧ ಗಂಟೆ ಕೂರಿಸಿದರು. ಆಮೇಲೆ ಹಳದಿ ಪುಸ್ತಕ ಕೈಗೆ ಬಂತು. ಹೆಸರು, ಹುಟ್ಟಿದ ದಿನ, ಲಸಿಕೆಯ ಬ್ಯಾಚ್ ಸಂಖ್ಯೆ, ವೈದ್ಯರ ಸಹಿ, ಕೇಂದ್ರದ ಮುದ್ರೆ. ಮೊದಲೆಲ್ಲ ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು. 2016ರ ಜುಲೈ 11ರಿಂದ ಒಂದು ಸಲ ಹಾಕಿಸಿಕೊಂಡರೆ ಕಾರ್ಡು ಜೀವಮಾನಕ್ಕೆ ಸಲ್ಲುತ್ತದೆ, ಹಳೆಯ ಕಾರ್ಡುಗಳಿಗೂ ಇದು ಅನ್ವಯ. ನಡುವೆ ನಕಲಿ ಕಾರ್ಡು ಮಾರುವವರಿದ್ದಾರೆ. ಸೂಜಿಯಿಲ್ಲದೆ, ಸಾಲಿನಲ್ಲಿ ನಿಲ್ಲದೆ ಮನೆಗೇ ಬರುತ್ತದೆ ಎನ್ನುತ್ತಾರೆ. ಆ ಕಾಗದವನ್ನು ನೋಡಿ ಅಧಿಕಾರಿ ಒಳಗೆ ಬಿಡಬಹುದು, ಸೊಳ್ಳೆ ಕಾಗದ ನೋಡುವುದಿಲ್ಲ. ಅಂಥದ್ದನ್ನು ಮಾರುವವರು ಒಬ್ಬ ಬಡವನ ಜೀವವನ್ನೂ ಅವನ ಊರನ್ನೂ ಒತ್ತೆಯಿಡುತ್ತಿದ್ದಾರೆ ಎಂದು ನಾನು ನಂಬಿದ್ದೇನೆ.

ವೈದ್ಯರು ಇನ್ನೊಂದು ಮಾತನ್ನು ಒತ್ತಿ ಹೇಳಿದರು. ಈ ಸೂಜಿ ಮಲೇರಿಯಾಕ್ಕಲ್ಲ. ಆಫ್ರಿಕಾಕ್ಕೆ ಹೋಗುವ ನಮ್ಮವರು ಹಳದಿ ಕಾರ್ಡು ಕೈಗೆ ಬಂದೊಡನೆ ಎಲ್ಲ ಜ್ವರಕ್ಕೂ ರಕ್ಷೆ ಸಿಕ್ಕಿತೆಂದು ತಿಳಿಯುತ್ತಾರಂತೆ. ಅಲ್ಲಿನ ಫಾಲ್ಸಿಪಾರಂ ಮಲೇರಿಯಾ ಮಿದುಳಿಗೆ ಏರಿದರೆ ಎರಡು ಮೂರು ದಿನದಲ್ಲಿ ಮನುಷ್ಯನನ್ನು ಕೊಲ್ಲಬಲ್ಲದು. ಅದಕ್ಕೆ ಸೊಳ್ಳೆಪರದೆ, ವೈದ್ಯರು ಬರೆದುಕೊಟ್ಟ ಮಾತ್ರೆ, ಮೈ ಬಿಸಿಯಾದ ದಿನವೇ ರಕ್ತಪರೀಕ್ಷೆ. ರಜೆಯಲ್ಲಿ ಊರಿಗೆ ಬಂದ ಮೇಲೆ ಜ್ವರ ಬಂದರೂ ‘ನಾನು ಆಫ್ರಿಕಾದಿಂದ ಬಂದಿದ್ದೇನೆ’ ಎಂದು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಬೇಕು. ಹೇಳದಿದ್ದರೆ ಅವರಿಗೆ ಹೊಳೆಯುವುದು ಡೆಂಗಿ, ಟೈಫಾಯ್ಡ್.

ಆಫ್ರಿಕಾದ ಮಾತು ಬಿಟ್ಟು ಕರಾವಳಿಗೆ ಬಂದರೆ ಬೇರೊಂದು ಸಂಕಟ. ಮಂಗಳೂರು, ಉಡುಪಿ, ಭಟ್ಕಳದ ಮನೆಮನೆಗಳಲ್ಲಿ ‘ಗಾಮ್ಕಾ ಮೆಡಿಕಲ್’ ಎಂಬ ಮಾತು ಗೊತ್ತು. ಗಲ್ಫಿಗೆ ಹೋಗುವವರಿಗೆ ಮಾಡುವ ವೈದ್ಯಕೀಯ ಪರೀಕ್ಷೆ ಅದು. ಹೆಸರು ಈಗ ಬದಲಾಗಿದೆ, ಜನರ ಬಾಯಲ್ಲಿ ಹಳೆಯದೇ ಉಳಿದಿದೆ. ಎದೆಯ ಎಕ್ಸ್‌ರೇ, ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ. ರಕ್ತದಲ್ಲಿ ಹೆಪಟೈಟಿಸ್ ಬಿ ಕಂಡರೆ ‘ಅನ್‌ಫಿಟ್’. ಮನೆ ಅಡವಿಟ್ಟು ಏಜೆಂಟಿಗೆ ಕೊಟ್ಟ ಹಣ, ಬಿಟ್ಟ ಕೆಲಸ, ನಿಶ್ಚಯವಾಗಿದ್ದ ಮದುವೆ ಎಲ್ಲವೂ ಆ ಒಂದು ಪದದ ಮುಂದೆ ಅಲ್ಲಾಡುತ್ತವೆ.

ಭಾರತದಲ್ಲಿ ಹೆಪಟೈಟಿಸ್ ಬಿ ಲಸಿಕೆ ಮಕ್ಕಳ ಕಾರ್ಯಕ್ರಮಕ್ಕೆ ಬಂದದ್ದು 2002ರಲ್ಲಿ, ಅದೂ ಕೆಲವೇ ಕಡೆ. ದೇಶದ ಎಲ್ಲ ಕಡೆಗೆ ಹರಡಿದ್ದು 2011ರಲ್ಲಿ. ಈಗ ದುಡಿಯಲು ಹೊರಡುವ ಇಪ್ಪತ್ತೆಂಟು ಮೂವತ್ತರ ಹುಡುಗ ಹುಡುಗಿಯರಿಗೆ ಅದು ಎಳವೆಯಲ್ಲಿ ಸಿಕ್ಕಿರುವ ಸಂಭವ ಕಡಿಮೆ. ಹಾಕಿಸಿಕೊಳ್ಳಬೇಕೆಂದರೆ ಮೂರು ಡೋಸ್: ಇಂದು, ಒಂದು ತಿಂಗಳಿಗೆ, ಆರನೆಯ ತಿಂಗಳಿಗೆ. ವೀಸಾ ಬಂದ ಮೇಲೆ ಆರು ತಿಂಗಳು ಯಾರೂ ಕಾಯುವುದಿಲ್ಲ. ಹಾಗೆಂದು ಮೆಡಿಕಲ್ಲಿನ ಹಿಂದಿನ ದಿನ ಓಡಿಹೋಗಿ ಸೂಜಿ ಹಾಕಿಸಿಕೊಳ್ಳುವುದು ಇನ್ನೂ ಅಪಾಯ. ಆ ಲಸಿಕೆಯೊಳಗಿರುವುದು ಪರೀಕ್ಷೆಯಲ್ಲಿ ಹುಡುಕುವ ವಸ್ತುವೇ ಆದ್ದರಿಂದ, ಹಾಕಿಸಿಕೊಂಡ ಎರಡು ಮೂರು ವಾರದೊಳಗೆ ರಕ್ತ ಕೊಟ್ಟರೆ ರೋಗವಿಲ್ಲದವರಿಗೂ ಪಾಸಿಟಿವ್ ಬರಬಹುದು. ಮೊದಲು ರಕ್ತಪರೀಕ್ಷೆ, ಆಮೇಲೆ ಲಸಿಕೆ. ಈಗಾಗಲೇ ಸೋಂಕಿರುವವರಿಗೆ ಲಸಿಕೆಯಿಂದ ಪ್ರಯೋಜನವಿಲ್ಲ, ಆದರೆ ಅವರಿಗೆ ಚಿಕಿತ್ಸೆಯಿದೆ, ಮನೆಯವರಿಗೆ ಲಸಿಕೆಯಿದೆ. ಅನ್‌ಫಿಟ್ ಎಂದ ಕಾಗದವನ್ನು ಅವಮಾನವೆಂದು ಪೆಟ್ಟಿಗೆಯ ತಳದಲ್ಲಿ ಬಚ್ಚಿಡದೆ ಅದೇ ವಾರ ವೈದ್ಯರ ಬಳಿಗೆ ಒಯ್ಯುವ ಧೈರ್ಯ ಮನೆಯವರು ಕೊಡಬೇಕು.

ನರ್ಸ್‌ಗಳಿಗೆ ಇದು ಬದುಕಿನ ಪ್ರಶ್ನೆ. ರೋಗಿಗೆ ಚುಚ್ಚಿದ ಸೂಜಿ ತನ್ನ ಬೆರಳಿಗೆ ಚುಚ್ಚುವುದು ಆ ಕೆಲಸದಲ್ಲಿ ಆಗಿಯೇ ಆಗುತ್ತದೆ. ಇಂಗ್ಲೆಂಡಿನ ಆಸ್ಪತ್ರೆಗಳು ಕೆಲಸಕ್ಕೆ ಸೇರಿಸಿಕೊಳ್ಳುವಾಗ ಹೆಪಟೈಟಿಸ್ ಬಿ, ದಡಾರ, ರುಬೆಲ್ಲಾ, ಸೀತಾಳೆ ಸಿಡುಬಿನ ರಕ್ಷಣೆಗೆ ಪುರಾವೆ ಕೇಳುತ್ತವೆ, ಬಿಸಿಜಿಯ ಕಲೆಗೆ ತೋಳು ನೋಡುತ್ತವೆ. ಆ ಕಲೆ ಒಂದನ್ನು ಬಿಟ್ಟರೆ ನಮ್ಮ ಹುಡುಗಿಯರ ಬಳಿ ಬೇರೆ ಪುರಾವೆ ಇರುವುದಿಲ್ಲ. ಅವರು ಕೂಸಾಗಿದ್ದಾಗಿನ ಲಸಿಕೆಯ ಚೀಟಿ ಮನೆ ಬದಲಾಯಿಸುವಾಗಲೋ ಮಳೆಗಾಲದ ಸೋರಿಕೆಯಲ್ಲೋ ಹೋಗಿಬಿಟ್ಟಿದೆ. ರುಬೆಲ್ಲಾ ಲಸಿಕೆಯಂತೂ ಸರ್ಕಾರಿ ಕಾರ್ಯಕ್ರಮದಲ್ಲಿ ಕರ್ನಾಟಕಕ್ಕೆ ಬಂದದ್ದೇ 2017ರ ಫೆಬ್ರುವರಿಯಲ್ಲಿ, ಅದೂ 15 ವರ್ಷದೊಳಗಿನವರಿಗೆ. ಕಾಗದ ಕಳೆದರೆ ಕಂಗಾಲಾಗಬೇಕಿಲ್ಲ. ರಕ್ತದಲ್ಲಿ ಪ್ರತಿಕಾಯದ ಮಟ್ಟ ನೋಡುವ ಪರೀಕ್ಷೆ ಇದೆ. ಇಲ್ಲವೆಂದು ಬಂದರೆ ಮತ್ತೆ ಹಾಕಿಸಿಕೊಂಡರಾಯಿತು. ಇಂಥವು ಹೋದ ಮೇಲೆ ಆ ಆಸ್ಪತ್ರೆಯಲ್ಲೇ ಆಗುವುದೂ ಉಂಟು, ಇಲ್ಲಿ ಮೊದಲ ಡೋಸ್ ತೆಗೆದುಕೊಂಡು ಉಳಿದದ್ದನ್ನು ಅಲ್ಲಿ ಮುಗಿಸಬಹುದು. ಹಳದಿ ಜ್ವರದ್ದು ಮಾತ್ರ ಹಾಗಲ್ಲ. ಅದು ಹೊರಡುವ ಮೊದಲೇ ಆಗಬೇಕು.

ಕೋವಿಡ್ ಕಾಲದಲ್ಲಿ ಇದೆಲ್ಲ ಒಮ್ಮೆಲೇ ಎಲ್ಲರ ಅನುಭವಕ್ಕೆ ಬಂತು. ಕೋವಿಶೀಲ್ಡ್‌ನ ಎರಡನೆಯ ಡೋಸಿಗೆ 84 ದಿನ ಕಾಯಬೇಕಿದ್ದಾಗ ಊರಿಗೆ ಬಂದು ಸಿಕ್ಕಿಕೊಂಡ ಗಲ್ಫ್ ನೌಕರರ ವೀಸಾ ಮುಗಿಯುತ್ತಿತ್ತು. 2021ರ ಜೂನ್‌ನಲ್ಲಿ ಕೆಲಸಕ್ಕೂ ಓದಿಗೂ ಹೊರಡುವವರಿಗೆ 28 ದಿನದ ಮೇಲೆ ಕೊಡಬಹುದೆಂದು ಕೇಂದ್ರ ಸರ್ಕಾರ ಹೇಳಿತು, ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ಸಂಖ್ಯೆಯನ್ನು ಸೇರಿಸಿತು. ಕೋವ್ಯಾಕ್ಸಿನ್ ಹಾಕಿಸಿಕೊಂಡವರು ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಗಾಗಿ ಆ ವರ್ಷದ ನವೆಂಬರ್ 3ರ ತನಕ ಕಾದರು. ದುಡಿಯಲು ಹೋಗುವವರ ಲಸಿಕೆಗೆ ಬೇರೆ ವ್ಯವಸ್ಥೆ ಬೇಕೆಂದು ಸರ್ಕಾರಕ್ಕೆ ಅರ್ಥವಾಗಬಲ್ಲದು, ಮನಸ್ಸು ಮಾಡಿದರೆ ವಾರಗಳಲ್ಲಿ ಆಗಬಲ್ಲದು ಎಂಬುದನ್ನು ಆ ಜೂನ್ ತೋರಿಸಿತು.

ಅದೇ ಮನಸ್ಸು ಹಕ್ಕಿಪಿಕ್ಕಿ ಹಾಡಿಯ ಮಟ್ಟಿಗೂ ಬೇಕು. ಇಡೀ ಕುಟುಂಬಗಳು ಆಫ್ರಿಕಾಕ್ಕೆ ಹೋಗಿ ಬರುವ ಊರುಗಳು ಯಾವುವು ಎಂದು ಆ ತಾಲ್ಲೂಕಿನವರಿಗೆಲ್ಲ ಗೊತ್ತು. ಅಲ್ಲಿನ ಆಶಾ ಕಾರ್ಯಕರ್ತೆಗೆ ಯಾರ ಮನೆಯಲ್ಲಿ ಹೊಸ ಪಾಸ್‌ಪೋರ್ಟ್ ಬಂತೆಂಬುದೂ ತಿಳಿಯುತ್ತದೆ. ಅವರಿಗೆ ಅವರ ಮಾತಿನಲ್ಲಿ, ಅಂಗಳದಲ್ಲಿ ಕೂತು ಹೇಳಬೇಕು: ಹತ್ತು ದಿನ ಮೊದಲು, ಒಂದೇ ಸೂಜಿ, ಜೀವಮಾನಕ್ಕೆ ಸಾಕು. ಹುಣಸೂರಿನ ಕಡೆಯಿಂದ ಬೆಂಗಳೂರಿಗೆ ಕೂಲಿ ಬಿಟ್ಟು ಬಂದುಹೋಗುವ ಖರ್ಚು ಎಷ್ಟೆಂದು ಯೋಚಿಸಿ, ವರ್ಷಕ್ಕೆ ಕೆಲವು ದಿನ ಲಸಿಕೆಯನ್ನೇ ಅವರ ಹತ್ತಿರಕ್ಕೆ ಒಯ್ಯಬೇಕು.

ಅಕ್ಕನ ಮಗ ಎರಡು ವರ್ಷದ ಮೇಲೆ ರಜೆಯಲ್ಲಿ ಬಂದ. ಬೆಂಗಳೂರಿನಲ್ಲಿ ಆರೋಗ್ಯ ಅಧಿಕಾರಿ ಹಳದಿ ಪುಸ್ತಕ ತೆರೆದು ತಾರೀಖು ನೋಡಿ ಮರಳಿಸಿದರಂತೆ, ಅರ್ಧ ನಿಮಿಷ. ಊರಿನ ಮನೆಯಲ್ಲಿ ಅವನನ್ನು ನೋಡಲು ಬಂದವರಲ್ಲಿ ಪಕ್ಕದ ಹಳ್ಳಿಯ ಇಬ್ಬರು ಹುಡುಗರಿದ್ದರು. ಅವರಿಗೂ ಅದೇ ಕಾರ್ಖಾನೆಯಲ್ಲಿ ಕೆಲಸದ ಮಾತು ನಡೆಯುತ್ತಿತ್ತು. ಸಂಬಳ ಎಷ್ಟು, ಊಟ ಹೇಗೆ, ರೂಮು ಹೇಗೆ ಎಂದು ಕೇಳಿದರು. ಇವನು ಕಾಫಿ ಲೋಟ ಕೆಳಗಿಟ್ಟು, “ಅದೆಲ್ಲ ಯೋಳ್ತೀನಿ, ಮೊದ್ಲು ಸೂಜಿ ಆಗೈತಾ?” ಎಂದ. ಇಬ್ಬರೂ ಮುಖ ಮುಖ ನೋಡಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ, “ಕಾಮಾಲೆ ಅಲ್ಲ ಕಣ್ರಪ್ಪ ಅದು, ಬೇರೆ ಜ್ವರ” ಎಂದು ಶುರು ಮಾಡಿದಳು.